ಕಸದ ಬುಟ್ಟಿಯಲ್ಲಿದ್ದ ಲಗ್ನಪತ್ರಿಕೆಯ ವಿಷಯವಾಗಿ ಸಿ ಡ್ರೈವ್ ಅವರಿಗೆ

ಡೆಂಕಣಿಕೋಟೆ ತಾಲ್ಲೂಕಿನ ಸಮಸ್ತ ಮಹಾಜನರಿಗೂ, ರಾಯಕೋಟೆ, ಗುಮ್ಮಳಾಪುರ ಮುಂತಾದ ಕಡೆಗಳ ಬಂಧುಬಾಂಧವರಿಗೂ ಈ ಮೂಲಕ ಸಾರುವುದೇನೆಂದರೆ, ಹೋದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ನನ್ನ ಟೈಪಿಂಗ್ ಮತ್ತು ಲಗ್ನಪತ್ರಿಕೆ ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ, ಎರಡು ವರ್ಷಗಳಿಂದ ಕೆಂಪಗಿದ್ದ ಬೆರಳುದ್ದದ ಒಂದು ಪಟ್ಟಿ ನೀಲಿ ಬಣ್ಣಕ್ಕೆ ತಿರುಗಿತು. ಜಾಗವಿಲ್ಲ, ಜಾಗವಿಲ್ಲ ಎಂದು ದಿನವಿಡೀ ಗೋಳಿಡುತ್ತಿದ್ದ ಯಂತ್ರದೊಳಗೆ ನಲವತ್ತೊಂದು ಜಿಬಿ ಜಾಗ ಖಾಲಿಯಾಯಿತು. ಈ ಐತಿಹಾಸಿಕ ಘಟನೆಯ ನೆನಪಿಗೆ ಬೀದಿಯಲ್ಲಿ ಪಟಾಕಿ ಹೊಡೆಸಬೇಕೆಂದೂ, ಸಾಧ್ಯವಾದರೆ ಒಂದು ಕಲ್ಲು ನೆಡಿಸಬೇಕೆಂದೂ ನಮ್ಮ ಯಜಮಾನರ ಅಭಿಪ್ರಾಯವಾಗಿತ್ತು. ಕಲ್ಲಿನ ವಿಷಯದಲ್ಲಿ ನನ್ನ ಅಭ್ಯಂತರವೇನೂ ಇಲ್ಲ. ಅದನ್ನು ಎಲ್ಲಿ, ಯಾರ ಮೇಲೆ ಎತ್ತಿ ಹಾಕಬೇಕೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ.

ಮಾನ್ಯರೇ, ಸಿ ಡ್ರೈವ್ ಮಹಾಶಯರೇ,

ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ, ತಾವು ವಾಸವಾಗಿರುವ ಡಬ್ಬದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಆ ಜಾಗಕ್ಕೇ ಕೈಮುಗಿದು ಶಶಿಕಲಾ ಎಂಬುವಳು ಮಾಡಿಕೊಳ್ಳುವ ವಿಜ್ಞಾಪನೆ. ತಾವು ಕ್ಷೇಮವಾಗಿದ್ದೀರೆಂಬುದು ತಮ್ಮ ಹೊಸ ಲವಲವಿಕೆಯಿಂದಲೇ ಗೊತ್ತಾಗುತ್ತಿದೆ. ಮೊದಲೆಲ್ಲ ಗುಂಡಿ ಒತ್ತಿ, ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು, ಅಲ್ಲಿದ್ದವರ ಮನೆಯ ಕಷ್ಟಸುಖ ವಿಚಾರಿಸಿಕೊಂಡು ಬಂದರೂ ಏಳದಿದ್ದ ತಾವು, ಈಗ ಒತ್ತಿದ ಬೆರಳು ತೆಗೆಯುವುದರೊಳಗೆ ಎದ್ದು ಕೂರುತ್ತೀರಿ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ಪತ್ರದ ಮರ್ಯಾದೆ. ಈ ಸಲದ ಮಟ್ಟಿಗೆ ಆ ಮರ್ಯಾದೆಯನ್ನು ಬಿಟ್ಟುಕೊಡಬೇಕಾಗಿ ವಿನಂತಿ.

ಹನ್ನೊಂದು ವರ್ಷಗಳಿಂದ ತಾವು ನನ್ನ ಅನ್ನದಾತರು. ಈ ಕಡೆಯ ನೂರಾರು ಮದುವೆಗಳು ಮೊದಲು ತಮ್ಮ ಹೊಟ್ಟೆಯಲ್ಲಿ ನಡೆದು, ಆಮೇಲೆ ಮಂಟಪದಲ್ಲಿ ನಡೆದಿವೆ. ನಮ್ಮಲ್ಲಿ ಲಗ್ನಪತ್ರಿಕೆಯೆಂದರೆ ಗಂಡುಹೆಣ್ಣಿನ ಹೆಸರು, ಮುಹೂರ್ತ, ಜಾಗ ತಿಳಿಸುವ ಕಾಗದವಲ್ಲವೆಂಬುದನ್ನು ತಮಗೆ ಬೇರೆ ಹೇಳಬೇಕಾಗಿಲ್ಲ. ಆ ಮೂರೂ ಸಂಗತಿ ಎಲ್ಲರಿಗೂ ಫೋನಿನಲ್ಲೇ ಗೊತ್ತಾಗಿರುತ್ತದೆ. ಪತ್ರಿಕೆ ಕೈಗೆ ಬಂದ ಕೂಡಲೇ ಜನ ಕಣ್ಣು ಹಾಯಿಸುವುದು ಕೆಳಗಿನ ಹೆಸರುಗಳ ಮೇಲೆ. ತಮ್ಮ ಹೆಸರಿದೆಯೇ, ಇದ್ದರೆ ಯಾರಿಗಿಂತ ಮೇಲಿದೆ, ಯಾರಿಗಿಂತ ಕೆಳಗಿದೆ, ಅಕ್ಷರ ದಪ್ಪವೋ ಸಣ್ಣವೋ ಎಂಬುದರ ಮೇಲೆ. ಹೆಸರು ಬಿಟ್ಟುಹೋದವರು ಊಟಕ್ಕೆ ಬರುವುದಿಲ್ಲ. ಹೆಸರು ಕೆಳಗಾದವರು ಊಟಕ್ಕೆ ಬಂದು ಸಾರಿಗೆ ಉಪ್ಪಿಲ್ಲವೆನ್ನುತ್ತಾರೆ. ಆದ್ದರಿಂದಲೇ ನಾನು ಒಂದು ಮನೆಯ ಫೈಲನ್ನು ಯಾವತ್ತೂ ಅಳಿಸಿದವಳಲ್ಲ. ಮುಂದಿನ ಮದುವೆಗೆ ಅದನ್ನೇ ತೆರೆದು, ತೀರಿಕೊಂಡವರ ಹೆಸರಿನ ಹಿಂದೆ ದಿವಂಗತ ಸೇರಿಸಿ, ಜಗಳವಾಡಿಕೊಂಡವರನ್ನು ತೆಗೆದು, ರಾಜಿಯಾದವರನ್ನು ಎಲ್ಲಿದ್ದರೋ ಅಲ್ಲಿಗೇ ವಾಪಸು ಕೂರಿಸುವುದು ನನ್ನ ಕಸುಬು. ತಮ್ಮ ಪಟ್ಟಿ ಕೆಂಪಗಾದದ್ದು ಹೀಗೆ, ಈ ಸೀಮೆಯ ನೆಂಟಸ್ತನಗಳನ್ನು ಹೊತ್ತು ಹೊತ್ತು.

ಇನ್ನು ದೂರಿನ ವಿಷಯಕ್ಕೆ ಬರುತ್ತೇನೆ. ರಾಯಕೋಟೆ ರಸ್ತೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ಆದಿಲಕ್ಷ್ಮಿಯ ಮಗಳು ಮೇಘಶ್ರೀಗೆ ಮದುವೆ ಗೊತ್ತಾಗಿದೆ. ಆದಿಲಕ್ಷ್ಮಿಗೆ ಇಬ್ಬರು ಅಣ್ಣಂದಿರು, ಗುಮ್ಮಳಾಪುರದ ಹಾದಿಯಲ್ಲಿ ರಾಗಿ, ಟೊಮ್ಯಾಟೊ ಬೆಳೆಯುವವರು. ಅವರ ತಂದೆಗೆ ಹಿರಿಯ ಹೆಂಡತಿಯಲ್ಲಿ ಮಕ್ಕಳು ತಡವಾಯಿತೆಂದು ಕಿರಿಯಳನ್ನು ತಂದರಂತೆ. ಕಿರಿಯಳಿಗೆ ಹನುಮಂತರಾಯಪ್ಪ ಹುಟ್ಟಿದರು. ಅದಾಗಿ ಎರಡೇ ವರ್ಷಕ್ಕೆ, ಇಷ್ಟು ದಿನ ಸುಮ್ಮನಿದ್ದ ಹಿರಿಯಳಿಗೆ ರಾಮಾಂಜಿನಪ್ಪ ಹುಟ್ಟಿದರು. ಹೀಗಾಗಿ ವಯಸ್ಸಿನಲ್ಲಿ ದೊಡ್ಡವರು ಹನುಮಂತರಾಯಪ್ಪ, ಹಿರಿಯ ಹೆಂಡತಿಯ ಮಗ ರಾಮಾಂಜಿನಪ್ಪ. ಇವರಲ್ಲಿ ಹಿರಿಯರು ಯಾರೆಂಬ ಪ್ರಶ್ನೆಗೆ ಉತ್ತರ ಸಿಗದೆ ಐವತ್ತೆಂಟು ವರ್ಷಗಳಾಗಿವೆ. ಆದಿಲಕ್ಷ್ಮಿ ಎಲ್ಲರಿಗಿಂತ ಕೊನೆಯವಳಾದ್ದರಿಂದ ಅವಳ ಬಗ್ಗೆ ಯಾರಿಗೂ ತಕರಾರಿಲ್ಲ. ಇಬ್ಬರ ಹೆಗಲ ಮೇಲೂ ಕೂತು ಬೆಳೆದವಳು.

ಏಳು ವರ್ಷಗಳ ಹಿಂದೆ ಹನುಮಂತರಾಯಪ್ಪನವರ ಮಗ ರವಿಕುಮಾರನ ಮದುವೆಯ ಪತ್ರಿಕೆಯಲ್ಲಿ ರಾಮಾಂಜಿನಪ್ಪನವರ ಹೆಸರು ನಾಲ್ಕನೆಯದಾಗಿ ಬಂತು. ಅದನ್ನು ಹೊಡೆದವಳು ನಾನು, ಇಟ್ಟುಕೊಂಡವರು ತಾವು. ಆದ್ದರಿಂದ ಪಾಪದಲ್ಲಿ ಇಬ್ಬರಿಗೂ ಸಮಪಾಲು. ರಾಮಾಂಜಿನಪ್ಪನವರು ಆ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು, ಮದುವೆಗೆ ಬರಲಿಲ್ಲ, ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಎಷ್ಟರ ಮಟ್ಟಿಗೆಂದರೆ, ಕಾಡಿನಿಂದ ಆನೆ ಇಳಿದು ರಾಗಿಗೆ ಬಿದ್ದಾಗಲೂ ಒಟ್ಟಿಗೆ ಅಟ್ಟುವುದಿಲ್ಲ. ಆನೆ ಒಂದೇ, ಹೊಲಗಳು ಪಕ್ಕಪಕ್ಕ, ತಮಟೆ ಮಾತ್ರ ಬೇರೆ ಬೇರೆ. ಇವರು ಅವರ ಹೊಲಕ್ಕೆ ಅಟ್ಟುತ್ತಾರೆ, ಅವರು ಇವರ ಹೊಲಕ್ಕೆ ಅಟ್ಟುತ್ತಾರೆ, ಆನೆ ಎರಡೂ ಮನೆಯ ಊಟ ಉಂಡು ನಿಧಾನವಾಗಿ ಮನೆಗೆ ಹೋಗುತ್ತದೆ. ಈ ಜಗಳದಿಂದ ಮೈ ತುಂಬಿಕೊಂಡ ಜೀವ ಅದೊಂದೇ.

ಆದಿಲಕ್ಷ್ಮಿಯ ಆಸೆ ದೊಡ್ಡದೇನಲ್ಲ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ತನ್ನ ಮಗಳ ಒಂದು ಕೈಯನ್ನು ಒಬ್ಬ ಅಣ್ಣ, ಇನ್ನೊಂದು ಕೈಯನ್ನು ಇನ್ನೊಬ್ಬ ಅಣ್ಣ ಹಿಡಿದು ನಡೆಸಿಕೊಂಡು ಬರಬೇಕು, ತಾನು ಅದನ್ನು ಎದುರಿಗೆ ನಿಂತು ನೋಡಬೇಕು, ಇಷ್ಟೇ. ಅದಕ್ಕಾಗಿ ಅವಳು ಹೊಲಿಗೆ ಬಿಟ್ಟು ಎರಡೂ ಮನೆಗೆ ಎಷ್ಟು ಸಲ ನಡೆದಳೆಂಬುದು ಅವಳ ಚಪ್ಪಲಿಗೆ ಗೊತ್ತು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಷರತ್ತಿಗೆ: ಪತ್ರಿಕೆಯಲ್ಲಿ ಹೆಸರು ಎಲ್ಲಿ ಬರುತ್ತದೆಂದು ಮೊದಲು ಕಣ್ಣಾರೆ ನೋಡಬೇಕು.

ಮೂರು ಗುರುವಾರ ನನ್ನ ಅಂಗಡಿಯಲ್ಲಿ ಸಂಧಾನ ನಡೆಯಿತು. ಒಂದು ಕುರ್ಚಿ ರಸ್ತೆಯ ಕಡೆಗೆ, ಇನ್ನೊಂದು ಗೋಡೆಯ ಕಡೆಗೆ. ಎರಡು ಮೊಳದ ದೂರದಲ್ಲಿ ಕೂತವರು ಪರಸ್ಪರ ಹೇಳಬೇಕಾದುದನ್ನೆಲ್ಲ ನನ್ನ ಮೂಲಕ ಹೇಳಿದರು. ನಾನು ಒಬ್ಬರ ಕನ್ನಡವನ್ನು ಇನ್ನೊಬ್ಬರಿಗೆ ಕನ್ನಡದಲ್ಲೇ ತರ್ಜುಮೆ ಮಾಡಿ, ಬೈಗುಳಗಳನ್ನು ದಾರಿಯಲ್ಲೇ ಸೋಸಿ ದಾಟಿಸಿದೆ. ಒಬ್ಬರ ಮೇಲೆ ಒಬ್ಬರ ಹೆಸರು ಬೇಡ, ಒಂದೇ ಸಾಲಿನಲ್ಲಿ ಬರಲಿ ಎಂದಾಯಿತು. ನಡುವೆ ದೀಪದ ಚಿತ್ರ ಎಂದಾಯಿತು. ಹಾಗಾದರೆ ದೀಪದ ಎಡಕ್ಕೆ ಯಾರು, ಓದುವವರು ಎಡದಿಂದಲ್ಲವೇ ಓದುವುದು ಎಂಬಲ್ಲಿ ಎರಡು ಗುರುವಾರ ಹೋದವು. ಮೂರನೆಯ ಗುರುವಾರ ಎಡದ ಜಾಗ ವಯಸ್ಸಿನ ಲೆಕ್ಕದಲ್ಲಿ ಹನುಮಂತರಾಯಪ್ಪನವರಿಗೂ, ಅದಕ್ಕೆ ಬದಲಾಗಿ ಹೆಸರಿನ ಹಿಂದೆ 'ಹಿರಿಯ ಮನೆಯ' ಎಂಬ ವಿಶೇಷಣ ರಾಮಾಂಜಿನಪ್ಪನವರಿಗೂ ಸಂದವು. ಅಕ್ಷರದ ದಪ್ಪ ಸಮವಾಗಿದೆಯೇ ಎಂದು ರಾಮಾಂಜಿನಪ್ಪನವರು ಪರದೆಯ ಮೇಲೆ ದಾರವಿಟ್ಟು ಅಳೆದರು. ಆಮೇಲೆ ಅದೇ ದಾರದಿಂದ ಹನುಮಂತರಾಯಪ್ಪನವರೂ ಅಳೆದರು. ಏಳು ವರ್ಷಗಳಲ್ಲಿ ಅವರಿಬ್ಬರ ಕೈಯಿಂದ ಕೈಗೆ ಹೋದ ಮೊದಲ ವಸ್ತು ಅದು. ಆದಿಲಕ್ಷ್ಮಿ ಇಬ್ಬರ ಬಾಯಿಗೂ ಸಕ್ಕರೆ ಹಾಕಿದಳು.

ಆ ಪತ್ರಿಕೆಯನ್ನು ನಾನು ಕಾಗದದ ಮೇಲೆ ಇಳಿಸಲಿಲ್ಲ. ಕಾಗದಕ್ಕೆ ಇಳಿದರೆ ಮನೆಗೆ ಹೋಗುತ್ತದೆ, ಮನೆಗೆ ಹೋದರೆ ಹೆಂಡತಿ ಮಕ್ಕಳು ಓದುತ್ತಾರೆ, ಅವರು ಓದಿದ ಮೇಲೆ ಯಾವ ರಾಜಿಯೂ ಉಳಿದ ಉದಾಹರಣೆ ಈ ತಾಲ್ಲೂಕಿನಲ್ಲಿಲ್ಲ. ತಮ್ಮ ಹೊಟ್ಟೆಯಲ್ಲೇ ಭದ್ರವಾಗಿರಲಿ ಎಂದುಕೊಂಡೆ. ಆದರೆ ಡೆಸ್ಕ್‌ಟಾಪ್ ಎಂಬುದು ನನ್ನ ಅಂಗಡಿಯಲ್ಲಿ ಬೀದಿ ಬದಿಯ ಜಗುಲಿಯಿದ್ದಂತೆ, ಬಂದವರೆಲ್ಲ ಕೂತು ಕಾಲಾಡಿಸುವ ಜಾಗ. ಶುಕ್ರವಾರ ರವಿಕುಮಾರ್ ಫ್ಯಾಕ್ಟರಿ ಶಿಫ್ಟು ಮುಗಿಸಿ ಆಧಾರ್ ಜೆರಾಕ್ಸಿಗೆಂದು ಬಂದವನು, ನಾನು ಕಾಗದ ತುಂಬುವುದರೊಳಗೆ ತನ್ನಪ್ಪನ ಹೆಸರನ್ನು ಎರಡು ಅಂಕಿ ದಪ್ಪ ಮಾಡಿಟ್ಟು ಏನೂ ಆಗದವನಂತೆ ಹೋದ. ಶನಿವಾರ ರಾಮಾಂಜಿನಪ್ಪನವರ ಹೆಂಡತಿ ಪಾರ್ವತಮ್ಮನವರು ಬಂದು, ತನಗೇನೂ ಆಸೆಯಿಲ್ಲ, ಆ ದೀಪವನ್ನು ಮಾತ್ರ ಒಂದು ನೂಲಿನಷ್ಟು ಎಡಕ್ಕೆ ಸರಿಸು, ಯಾರಿಗೂ ಕಾಣುವುದಿಲ್ಲ ಎಂದು ಬೇಡಿಕೊಂಡರು. ಇನ್ನು ಇದನ್ನು ಅಡಗಿಸದೆ ಉಳಿಗಾಲವಿಲ್ಲವೆಂದು ನನಗೆ ಗೊತ್ತಾಯಿತು.

ನಮ್ಮ ಕಡೆಯ ಹೆಂಗಸರು ಬೆಲೆಯುಳ್ಳದ್ದನ್ನು ಬೀರುವಿನಲ್ಲಿ ಇಡುವುದಿಲ್ಲ; ಕಳ್ಳ ಮೊದಲು ತೆರೆಯುವುದೇ ಅದನ್ನು. ರಾಗಿ ಡ್ರಮ್ಮಿನ ತಳದಲ್ಲೋ, ಹಳೇ ಬಟ್ಟೆಯ ಗಂಟಿನಲ್ಲೋ ಇಡುತ್ತೇವೆ. ನಮ್ಮತ್ತೆಯವರು ತಮ್ಮ ಓಲೆಗಳನ್ನು ಪಾತ್ರೆ ತೊಳೆಯುವ ಬೂದಿಯ ಡಬ್ಬದಲ್ಲಿಟ್ಟು ನಲವತ್ತು ವರ್ಷ ಕಾಪಾಡಿದವರು. ಆ ವಿದ್ಯೆಯನ್ನೇ ಅನುಸರಿಸಿ, ರವಿಕುಮಾರ ದಪ್ಪ ಮಾಡಿದ್ದನ್ನು ಮತ್ತೆ ತೆಳ್ಳಗೆ ಮಾಡಿ, ಆ ಫೈಲನ್ನು ನಾನು ಪರದೆಯ ಮೂಲೆಯಲ್ಲಿರುವ ಕಸದ ಬುಟ್ಟಿಗೆ, ಅಂದರೆ ತಾವು ರೀಸೈಕಲ್ ಬಿನ್ ಎಂದು ಕರೆಯುವ ಜಾಗಕ್ಕೆ ಹಾಕಿದೆ. ಯಾವ ಮರ್ಯಾದಸ್ಥನೂ ಇನ್ನೊಬ್ಬರ ಕಸದ ಬುಟ್ಟಿಗೆ ಕೈ ಹಾಕುವುದಿಲ್ಲವೆಂಬ ಧೈರ್ಯ. ಮರ್ಯಾದಸ್ಥರ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿರಲಿಲ್ಲ. ಗಂಡನ ವಿಷಯದಲ್ಲಿ ತಪ್ಪಿತು.

ನಮ್ಮ ಯಜಮಾನರಾದ ಕುಮಾರೇಶ್ ಅವರು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸದಲ್ಲಿದ್ದಾರೆ. ಅಲ್ಲಿ ಜಪಾನಿನಿಂದ ಬಂದ ಫೈವ್ ಎಸ್ ಎಂಬ ಶಿಸ್ತಿದೆ: ಬೇಡದ್ದನ್ನು ತೆಗೆ, ಬೇಕಾದ್ದನ್ನು ಜೋಡಿಸು, ಗುಡಿಸು, ಒರೆಸು, ದಿನಾ ಹೀಗೇ ಮಾಡು. ಬೇಡದ ವಸ್ತುವಿಗೆ ಮೊದಲು ಒಂದು ಕೆಂಪು ಚೀಟಿ ಕಟ್ಟುತ್ತಾರೆ. ಒಂದು ವಾರದೊಳಗೆ ಯಾರೂ ಬಂದು ಕೇಳದಿದ್ದರೆ ಅದು ಆಚೆಗೆ. ಫ್ಯಾಕ್ಟರಿಯ ಶಿಸ್ತು ಗೇಟಿನಲ್ಲೇ ಉಳಿದಿದ್ದರೆ ನನ್ನ ತಕರಾರಿರಲಿಲ್ಲ. ಅದು ಪ್ರತಿ ಶನಿವಾರ ಕಂಪನಿ ಬಸ್ಸು ಹತ್ತಿ ಮನೆಗೆ ಬರುತ್ತದೆ. ನಮ್ಮ ಮನೆಯ ರುಬ್ಬುವ ಕಲ್ಲಿಗೆ ಕೆಂಪು ಚೀಟಿ ಬಿದ್ದಿದೆ, ಹಬ್ಬದ ದೊಡ್ಡ ಪಾತ್ರೆಗೆ ಬಿದ್ದಿದೆ, ಒಮ್ಮೆ ನಮ್ಮತ್ತೆಯವರು ಕೂರುವ ಹಳೆಯ ಕುರ್ಚಿಗೆ, ಅವರು ಕೂತಿರುವಾಗಲೇ ಬಿದ್ದಿದೆ.

ಆ ಭಾನುವಾರ ನಾನು ಮನೆಯಲ್ಲಿ ಅಡುಗೆಯಲ್ಲಿದ್ದಾಗ, ಹೆಂಡತಿ ದಿನಾ ಆ ಡಬ್ಬವನ್ನು ಬೈಯುತ್ತಾಳಲ್ಲ, ಪಾಪ, ಅವಳಿಗೊಂದು ಸಹಾಯ ಮಾಡೋಣವೆಂಬ ಒಳ್ಳೆಯ ಮನಸ್ಸಿನಿಂದ ಅವರು ಅಂಗಡಿ ಬಾಗಿಲು ತೆರೆದು ತಮ್ಮೆದುರು ಕೂತರು. ತಾವು ಡಿಸ್ಕ್ ಕ್ಲೀನಪ್ ಎಂಬ ಪಟ್ಟಿಯನ್ನು ಅವರ ಮುಂದೆ ಹಿಡಿದಿರಿ. ಅವರು ಎಲ್ಲ ಚೌಕಕ್ಕೂ ಗುರುತು ಹಾಕಿದರು. ಫ್ಯಾಕ್ಟರಿಯಲ್ಲಿ ಚೆಕ್‌ಲಿಸ್ಟಿನ ಒಂದು ಚೌಕ ಬಿಟ್ಟರೂ ಸೂಪರ್‌ವೈಸರು ಬೈಯುತ್ತಾನಂತೆ. ಇವನ್ನು ಶಾಶ್ವತವಾಗಿ ಅಳಿಸುವುದು ಖಚಿತವೇ ಎಂದು ತಾವು ಕೇಳಿದಿರಿ. ಕೇಳುವ ಸೌಜನ್ಯ ತಮಗಿದೆ, ನಾನು ಇಲ್ಲವೆನ್ನುವುದಿಲ್ಲ. ಯಾರನ್ನು ಕೇಳಬೇಕೆಂಬ ಬುದ್ಧಿಯೂ ಜೊತೆಗೆ ಇದ್ದಿದ್ದರೆ ಬಂಗಾರಕ್ಕೆ ಪರಿಮಳ ಬಂದಂತಾಗುತ್ತಿತ್ತು. ಅವರು ಖಚಿತ ಎಂದರು. ಬುಟ್ಟಿ ಖಾಲಿಯಾಯಿತು, ಪಟ್ಟಿ ನೀಲಿಯಾಯಿತು. ಕಸ ಗುಡಿಸಿದ ಮೇಲೆ ನೆಲ ಒರೆಸದಿದ್ದರೆ ಹೇಗೆ ಎಂದು ಅವರು ಡಿಫ್ರಾಗ್ ಎಂಬ ಇನ್ನೊಂದು ಗುಂಡಿಯನ್ನೂ ಒತ್ತಿ, ಸಂಜೆ ಆರರವರೆಗೆ ಬೀಡಾ ಜಗಿಯುತ್ತಾ ಕಾವಲು ಕೂತರು.

ಮನೆಗೆ ಬಂದವರ ಮುಖದಲ್ಲಿ ಫ್ಯಾಕ್ಟರಿಯ ಬಹುಮಾನದ ಲೋಟ ಗೆದ್ದ ದಿನದ ಕಳೆಯಿತ್ತು. "ನೋಡೇ ಶಶೀ, ಬುಟ್ಟಿ ತುಂಬ ಕಸ ಮಡಗಿದ್ದೆ. ಒಂದೇ ಏಟ್ಗೆ ಎಲ್ಲಾ ಕ್ಲೀನ್ ಮಾಡ್ಬುಟ್ಟೆ," ಎಂದರು. ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಅದು ಅವರ ಪುಣ್ಯ.

ಮಹಾಶಯರೇ, ತಾವು ಏನನ್ನು ನುಂಗಿದಿರೆಂದು ದೂರುವ ಮೊದಲು ಏನನ್ನು ಉಳಿಸಿದಿರೆಂದು ಹೊಗಳುವುದು ನ್ಯಾಯ. ಸೂರ್ಯಕಾಂತಿ ಹೂವಿನ ಪಕ್ಕ ಕಾಫಿ ಲೋಟವಿರುವ ಶುಭೋದಯದ ಚಿತ್ರಗಳು ಆರು ಸಾವಿರ, ಒಂದೂ ಮುಕ್ಕಾಗದೆ ಉಳಿದಿವೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್', 'ದೇವರಾಣೆ ಫೈನಲ್' ನಾಲ್ಕೂ ಸುಖವಾಗಿವೆ. ಅವರ ಹುಟ್ಟುಹಬ್ಬ ಮುಗಿದು ಐದು ವರ್ಷವಾಯಿತು. 'ನ್ಯೂ ಫೋಲ್ಡರ್' ಎಂಬ ಹೆಸರಿನವು ಇಪ್ಪತ್ತೇಳು, ಒಂದರೊಳಗೊಂದು; ಕೊನೆಯದನ್ನು ತೆರೆದರೆ ಏನೂ ಇಲ್ಲ, ಅದನ್ನೂ ತಾವು ಜೋಪಾನ ಮಾಡಿದ್ದೀರಿ. ಬೇಡದ ಕಾಗದವನ್ನು ತಲೆಮಾರುಗಟ್ಟಲೆ ಕಾಪಾಡಿ, ಬೇಕಾದ ಒಂದನ್ನು ಮಾತ್ರ ಹುಡುಕಿ ಇಲ್ಲವಾಗಿಸುವ ಇಂಥ ಸೂಕ್ಷ್ಮ ದೃಷ್ಟಿಯನ್ನು ನಾನು ಇದಕ್ಕೆ ಮೊದಲು ಕಂಡಿದ್ದು ಮೂರು ಸಲ ಅರ್ಜಿ ಕೊಟ್ಟ ಒಂದು ಸರ್ಕಾರಿ ಕಚೇರಿಯಲ್ಲಿ ಮಾತ್ರ. ಅಲ್ಲಿ ಆ ಕೆಲಸಕ್ಕೆ ಹದಿನಾಲ್ಕು ಜನ ಬೇಕಾಗಿತ್ತು. ತಾವು ಒಬ್ಬರೇ ನಿಭಾಯಿಸಿದ್ದೀರಿ.

ಮಂಗಳವಾರ ತಮ್ಮನ್ನು ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೊಸೂರಿಗೆ ಹೋದೆ. ಹಸುಗೂಸೆಂದು ತಿಳಿದು ಒಬ್ಬಾಕೆ ಎದ್ದು ಜಾಗ ಬಿಟ್ಟರು. ಕೂತ ಮೇಲೆ ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಹೊಸೂರಿನಲ್ಲಿ ಕೆಟ್ಟ ಡಿಸ್ಕುಗಳಿಂದ ಕಳೆದುಹೋದದ್ದನ್ನು ಎತ್ತಿಕೊಡುವ ಕದಿರಪ್ಪ ಎಂಬುವರು ತಮ್ಮನ್ನು ಅರ್ಧ ಗಂಟೆ ತಡಕಾಡಿ ನನ್ನ ಮುಖ ನೋಡಿದರು.

"ಬುಟ್ಟಿ ಖಾಲಿ ಮಾಡಿದ್ದು ದೊಡ್ಡದಲ್ಲ ಕಣಕ್ಕಾ, ಎತ್ತಿ ಕೊಟ್ಬುಡ್ತಿದ್ದೆ. ಅದಾದ್ಮ್ಯಾಲೆ ಡಿಫ್ರಾಗ್ ಹೊಡ್ದವ್ರಲ್ಲ, ಖಾಲಿ ಇದ್ದ ಜಾಗ್ದಾಗೆಲ್ಲ ಬ್ಯಾರೇದು ತಂದು ಕೂರ್ಸ್ಬುಟ್ಟೈತೆ," ಎಂದರು. ಯಾರು ಮಾಡಿದ್ದು ಎಂದು ಕೇಳಿದರು. ನಮ್ಮ ಯಜಮಾನರು ಎಂದೆ. ಫ್ಯಾಕ್ಟರಿಯಲ್ಲಿದ್ದಾರಾ ಎಂದರು. ಹೌದು ಎಂದೆ. ಅವರು ನಿಟ್ಟುಸಿರು ಬಿಟ್ಟು, ಈ ವಾರ ನೀನು ಮೂರನೆಯವಳು ಎಂದರು. ನನ್ನ ಲಗ್ನಪತ್ರಿಕೆ ಇದ್ದ ಜಾಗದಲ್ಲಿ ಈಗ ಯಾರಿದ್ದಾರೆಂದು ನೋಡಿಸಿದೆ. ಒಂದು ಸೂರ್ಯಕಾಂತಿ ಹೂವು ಇತ್ತು.

ಬುಧವಾರ ಇಬ್ಬರೂ ಸೋದರಮಾವಂದಿರಿಗೆ ಸುದ್ದಿ ಹೇಳಿದೆ. ಅದರಲ್ಲೇನಿದೆ, ಎಲ್ಲ ನೆನಪಿದೆಯಲ್ಲ, ಮತ್ತೆ ಹೊಡೆ ಎಂದರು ಇಬ್ಬರೂ, ಬಹಳ ದೊಡ್ಡ ಮನಸ್ಸಿನಿಂದ. ನಾನು ಹೊಡೆದೆ. ಹನುಮಂತರಾಯಪ್ಪನವರು ನೋಡಿ, ಎಡಕ್ಕೆ ನನ್ನ ಹೆಸರು ಸರಿ, ಈ 'ಹಿರಿಯ ಮನೆಯ' ಎಂಬುದು ಎಲ್ಲಿಂದ ಬಂತು, ಅದರ ಮಾತೇ ಆಗಿರಲಿಲ್ಲ ಎಂದರು. ರಾಮಾಂಜಿನಪ್ಪನವರು ನೋಡಿ, 'ಹಿರಿಯ ಮನೆಯ' ಸರಿ, ಹಿರಿಯ ಮನೆಯವನು ಬಲಕ್ಕೆ ಹೋದದ್ದು ಹೇಗೆ, ಎಡಕ್ಕಲ್ಲವೇ ಇದ್ದದ್ದು ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ತೊಂದರೆಯಾದದ್ದೇ ಅದರಿಂದ. ಸುಳ್ಳುಗಾರರಾಗಿದ್ದರೆ ಯಾವುದೋ ಒಂದು ಸುಳ್ಳಿಗೆ ಒಪ್ಪಿಸಬಹುದಿತ್ತು.

"ಎಡಗಡೀಕೆ ನನ್ ಹೆಸ್ರು ಅಂತ ನೀನೇ ತಾನೇ ತೋರ್ಸಿದ್ದು? ಇಲ್ದಿದ್ರೆ ನಾನು ಮಂಟಪದ ಮೆಟ್ಲು ಹತ್ತಲ್ಲ ಕಣಮ್ಮ," ಎಂದರು ರಾಮಾಂಜಿನಪ್ಪ.

ಹನುಮಂತರಾಯಪ್ಪನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಗೋಡೆಗೆ ಹೇಳುವಂತೆ, "ಅವ್ನು ಹತ್ತದಿದ್ರೆ ನಂಗೇನ್ ಕೆಲ್ಸ ಅಲ್ಲಿ," ಎಂದು ಎದ್ದು ಹೋದರು.

ಇಬ್ಬರೂ ಹೋದ ಮೇಲೆ ಆದಿಲಕ್ಷ್ಮಿ ಬಂದಳು. ಬಂದು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಎರಡು ಖಾಲಿ ಕುರ್ಚಿಗಳನ್ನು ಎತ್ತಿ ಒಂದರ ಪಕ್ಕ ಒಂದು ಇಟ್ಟು, ಒಂದರ ಮೇಲೆ ತಾನು ಕೂತು, ಕತ್ತರಿಯ ಗುರುತು ಬಿದ್ದ ಬೆರಳನ್ನು ನೋಡಿಕೊಂಡಳು. ಮರುದಿನ ಕೃಷ್ಣಗಿರಿಯ ಅಚ್ಚುಮನೆಗೆ ಪತ್ರಿಕೆ ಹೋಗದಿದ್ದರೆ ಮದುವೆಗೆ ಪತ್ರಿಕೆಯೇ ಇಲ್ಲ. ಆಮೇಲೆ ಅವಳೇ ಹೇಳಿದಳು: "ಎರಡು ಮಾಡವ್ವಾ ಶಶಿ. ಒಂದೇ ಬಟ್ಟೇಲಿ ಇಬ್ರಿಗೆ ಹೊಲಿಯೋದು ನಂಗೇನ್ ಹೊಸ್ದಾ. ಯಾವ್ದ್ರಲ್ಲಿ ನೋಡುದ್ರೂ ನಮ್ಮಣ್ಣಂದ್ರೇ ತಾನೇ ಇರೋದು."

ಎರಡು ಮಾಡಿದೆವು. ಅದೇ ಕಾಗದ, ಅದೇ ಬಣ್ಣ, ಅದೇ ದೀಪ. ಹನುಮಂತರಾಯಪ್ಪನವರ ಕಟ್ಟಿನಲ್ಲಿ ಎಡಕ್ಕೆ ಅವರು, 'ಹಿರಿಯ ಮನೆ' ಇಲ್ಲ. ರಾಮಾಂಜಿನಪ್ಪನವರ ಕಟ್ಟಿನಲ್ಲಿ ಎಡಕ್ಕೆ ಇವರು, 'ಹಿರಿಯ ಮನೆ' ಇದೆ. ಇಬ್ಬರೂ ತಂತಮ್ಮ ಕಟ್ಟು ಬಿಚ್ಚಿ ಓದಿ, ಕೊನೆಗೂ ಆ ಟೈಪಿಂಗ್ ಹೆಂಗಸಿಗೆ ನ್ಯಾಯ ಯಾವುದೆಂದು ಗೊತ್ತಾಯಿತು ಎಂದು ತಂತಮ್ಮ ಹೆಂಡತಿಯರೊಂದಿಗೆ ಹೇಳಿಕೊಂಡರಂತೆ. ತಂತಮ್ಮ ಕಡೆಯವರಿಗೆ ಇಬ್ಬರೂ ಹಂಚುತ್ತಿದ್ದಾರೆ. ಇಬ್ಬರಿಗೂ ಬೇಕಾದ ನೆಂಟರ ಮನೆಗಳಿಗೆ ಆದಿಲಕ್ಷ್ಮಿ ತಾನೇ ಅರಿಸಿನ ಕುಂಕುಮ ಹಿಡಿದು ಹೋಗಿ, ನೀವೆಲ್ಲ ಕಾಗದ ಕೊಡುವಷ್ಟು ದೂರದವರೇ ಎಂದು ಬಾಯಲ್ಲೇ ಕರೆದು ಬರುತ್ತಿದ್ದಾಳೆ. ಅವರು ಇದನ್ನು ವಿಶೇಷ ಮರ್ಯಾದೆಯೆಂದು ತಿಳಿದು ಹಿಗ್ಗುತ್ತಿದ್ದಾರೆ. ಮಂಟಪದ ಬಾಗಿಲಿನ ಫ್ಲೆಕ್ಸಿನಲ್ಲಿ ಗಂಡುಹೆಣ್ಣಿನ ಫೋಟೋ ಬಿಟ್ಟು ಬೇರೆ ಒಂದಕ್ಷರವಿಲ್ಲ. ಮದುವೆಗೆ ಇನ್ನು ಹನ್ನೊಂದು ದಿನ. ಅಷ್ಟರೊಳಗೆ ಆ ಎರಡು ಪತ್ರಿಕೆಗಳು ಎಲ್ಲಾದರೂ ಒಂದು ಗೋಡೆಯ ಮೇಲೆ, ಒಂದು ಟಿವಿಯ ಮುಂದೆ, ಒಂದು ಬಸ್ಸಿನ ಸೀಟಿನಲ್ಲಿ ಪಕ್ಕಪಕ್ಕ ಬಂದವೋ, ಮೇಘಶ್ರೀ ಮಂಟಪಕ್ಕೆ ಒಬ್ಬಳೇ ನಡೆದು ಬರಬೇಕಾಗುತ್ತದೆ. ಅವಳೇನೋ ಬಂದಾಳು, ಗಟ್ಟಿಗಿತ್ತಿ. ನೋಡಲು ನಿಂತಿರುವ ಅವಳ ತಾಯಿಯ ಗತಿ ನನಗೆ ಹೇಳಲು ಬಾರದು.

ಆದಕಾರಣ, ಮಾನ್ಯರೇ, ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಒಂದೇ ಫೈಲಿನ ತುಂಡುಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದರೆ ಅವನ್ನು ಹುಡುಕಿ ತಂದು ಪಕ್ಕಪಕ್ಕ ಕೂರಿಸುವುದೇ ಡಿಫ್ರಾಗ್ ಎಂದು ಕದಿರಪ್ಪನವರು ತಿಳಿಸಿದರು. ಇಷ್ಟು ದೊಡ್ಡ ವಿದ್ಯೆಯನ್ನು ತಾವು ಶುಭೋದಯದ ಚಿತ್ರಗಳಿಗೇ ಮೀಸಲಿಟ್ಟಿರುವುದು ನಾಡಿಗೆ ನಷ್ಟ. ಹನುಮಂತರಾಯಪ್ಪ, ರಾಮಾಂಜಿನಪ್ಪ ಎಂಬ ಎರಡು ತುಂಡುಗಳನ್ನು ಒಂದು ಸಂಜೆಯ ಮಟ್ಟಿಗೆ ತಮ್ಮೊಳಗೆ ಸೇರಿಸಿಕೊಂಡು, ಗುರ್ ಗುರ್ ಎಂದು ನಾಲ್ಕು ಸುತ್ತು ತಿರುಗಿಸಿ, ಪಕ್ಕಪಕ್ಕ ಕೂರಿಸಿ ಕಳಿಸಬೇಕು. ಯಾರು ಎಡಕ್ಕೆ ಎಂಬುದನ್ನು ತಾವೇ ತೀರ್ಮಾನಿಸಿ. ತಮ್ಮನ್ನು ಯಾರೂ ಬೈದು ಪ್ರಯೋಜನವಿಲ್ಲವೆಂದು ಎಲ್ಲರಿಗೂ ಗೊತ್ತಿದೆ. ಹಾಗೆಯೇ ಖಾಲಿಯಾಗಿ ಬಿದ್ದಿರುವ ನಲವತ್ತೊಂದು ಜಿಬಿಯಲ್ಲಿ ತಲಾ ಒಂದೊಂದನ್ನು ಆ ಇಬ್ಬರಿಗೂ ಎದೆಯ ಎಡಭಾಗದಲ್ಲಿ ಹಾಕಿಸಿಕೊಡಲು ಸಾಧ್ಯವೇ ಎಂದು ವಿಚಾರಿಸಬೇಕು. ಅಲ್ಲಿ ಬಹಳ ವರ್ಷಗಳಿಂದ ಕೆಂಪು ಪಟ್ಟಿ ತೋರಿಸುತ್ತಿದೆ. ಉಳಿದ ಮೂವತ್ತೊಂಬತ್ತನ್ನು ಆನೆಗೆ ಕೊಟ್ಟರೂ ನನ್ನ ಅಡ್ಡಿಯಿಲ್ಲ. ರಾಜಿಯಾದರೆ ಅದಕ್ಕೇ ತಾನೇ ನಷ್ಟ.

ಇವು ಯಾವುವೂ ತಮ್ಮಿಂದಾಗದಿದ್ದರೆ, ಮುಂದಿನ ಶನಿವಾರ ನಮ್ಮ ಯಜಮಾನರು ತಮ್ಮೆದುರು ಬಂದು ಕೂತಾಗ ದಯವಿಟ್ಟು ಸತ್ತಂತೆ ಮಲಗಿರಬೇಕು. ಹನ್ನೊಂದು ವರ್ಷಗಳಲ್ಲಿ ನನ್ನ ಅವಸರದ ವೇಳೆಯಲ್ಲೆಲ್ಲ ತಾವು ಮಾಡಿ ತೋರಿಸಿರುವ ಕೆಲಸವೇ ಅದು, ಹೊಸದಾಗಿ ಕಲಿಯಬೇಕಾದ್ದಿಲ್ಲ.

ಇಂತು, ಜಾಗ ಖಾಲಿಯಾದಷ್ಟೂ ವಿಶ್ವಾಸ ಖಾಲಿಯಾಗುತ್ತಾ ಬಂದು ಈಗ ಶೇಕಡಾ ಹನ್ನೆರಡರಷ್ಟು ಮಾತ್ರ ಉಳಿದಿರುವ,

ತಮ್ಮ ವಿಶ್ವಾಸಿ,
ಶಶಿಕಲಾ ಕುಮಾರೇಶ್
ಬಸ್ ನಿಲ್ದಾಣದ ಹಿಂದೆ, ಡೆಂಕಣಿಕೋಟೆ

ತಾ.ಕ.: ತಮ್ಮ ಪಕ್ಕದ ಮನೆಯವರಾದ ಡಿ ಡ್ರೈವ್ ಅವರಿಗೂ ನಿನ್ನೆ ನಮ್ಮ ಯಜಮಾನರು ಒಂದು ಕೆಂಪು ಚೀಟಿ ಅಂಟಿಸಿದ್ದಾರೆ. ಡಬ್ಬದ ಮೇಲೆ, ಗೋಂದು ಹಾಕಿ. ಒಳಗೆ ಯಾರು ಸಿ, ಯಾರು ಡಿ ಎಂದು ಹೊರಗಿನಿಂದ ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ, ಇಪ್ಪತ್ತು ವರ್ಷದ ಅನುಭವ ಎಂದರು.

ಓದುಗ ಮಹಾಶಯರಿಗೆ ಇನ್ನೊಂದು ತಾ.ಕ.: ಇಷ್ಟೊಂದು ಗುಟ್ಟನ್ನು ಹೀಗೆ ಬಹಿರಂಗ ಪತ್ರದಲ್ಲಿ ಬರೆದರೆ ಆ ಇಬ್ಬರಿಗೂ ಗೊತ್ತಾಗುವುದಿಲ್ಲವೇ ಎಂದು ತಾವು ಕೇಳಬಹುದು. ಅಣ್ಣತಮ್ಮಂದಿರು ಮಾತಾಡುವುದು ಕನ್ನಡ, ಸಂತೆಯಲ್ಲಿ ಚೌಕಾಸಿ ಮಾಡುವುದು ತೆಲುಗು, ನಮ್ಮ ತಾಲ್ಲೂಕು ತಮಿಳುನಾಡಿಗೆ ಸೇರಿದ್ದರಿಂದ ಶಾಲೆಯಲ್ಲಿ ಕಲಿತದ್ದು ತಮಿಳು. ಲಗ್ನಪತ್ರಿಕೆ ಅಚ್ಚಾದದ್ದೂ ತಮಿಳಿನಲ್ಲೇ. ಕನ್ನಡದ ಒಂದಕ್ಷರವೂ ಅವರಿಗಾಗಲಿ, ಅವರ ಮನೆಯವರಿಗಾಗಲಿ ಓದಲು ಬಾರದು. ನಮ್ಮ ಕಡೆ ಒಂದು ಸಂಗತಿ ಯಾರ ಕಣ್ಣಿಗೂ ಬೀಳಬಾರದೆಂದರೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಸಾಕೆಂಬ ಕಾಲ ಬಂದಿದೆ. ಇದನ್ನು ನಾನು ಹೆಮ್ಮೆಯಿಂದ ಬರೆಯುತ್ತಿಲ್ಲ, ಈ ಹನ್ನೊಂದು ದಿನಗಳ ಮಟ್ಟಿಗೆ ಉಪಯೋಗಿಸಿಕೊಳ್ಳುತ್ತಿದ್ದೇನೆ ಅಷ್ಟೆ. ಆದರೆ ತಾವು ಓದಬಲ್ಲವರು. ಗುಮ್ಮಳಾಪುರದ ಬಸ್ಸಿನಲ್ಲಿ ಹೆಗಲ ಮೇಲೆ ಟವೆಲ್ಲಿರುವ ಅರವತ್ತರ ಹತ್ತಿರದ ಹಿರಿಯರೊಬ್ಬರು ತಮ್ಮ ಪಕ್ಕ ಕೂತು, ಅದೇನು ಒಬ್ಬರೇ ನಗುತ್ತಾ ಓದುತ್ತಿದ್ದೀರಿ, ಸ್ವಲ್ಪ ಗಟ್ಟಿಯಾಗಿ ಓದಿ ಎಂದು ಕೇಳಿದರೆ, ದಯವಿಟ್ಟು ಪುಟ ತಿರುಗಿಸಿ ಟೊಮ್ಯಾಟೊ ಧಾರಣೆ ಓದಿ ಹೇಳಿ.